ಪಶುವೈದ್ಯರ ಟಪಾಲು: ಓಲಾಡಿ ನಡೆಯುವ ಬೆಕ್ಕಿನ ಮರಿ

ಪ್ರಶ್ನೆ: ಡಾಕ್ಟ್ರೇ, ನಮ್ಮನೆ ಬೆಕ್ಕು ಅಟ್ಟದ ಮೇಲೆ ನಾಲ್ಕು ಮರಿ ಹಾಕಿದೆ. ಮೂರು ಕುಣಿದಾಡಿಕೊಂಡಿವೆ. ಒಂದು ಮಾತ್ರ ನಡೆಯೋಕೆ ಶುರು ಮಾಡಿದಾಗಿಂದ ಕುಡಿದವರ ಹಾಗೆ ಓಲಾಡುತ್ತೆ. ಕಾಲನ್ನ ಎತ್ತೆತ್ತಿ ಹಾಕುತ್ತೆ. ಹಾಲಿನ ಬಟ್ಟಲಿಗೆ ಬಾಯಿ ಹಾಕಲು ಹೋದರೆ ತಲೆ ಗಡಗಡ ಅಲ್ಲಾಡಿ ಮೂಗು ಹಾಲಲ್ಲಿ ಮುಳುಗುತ್ತೆ. ಅತ್ತೆಯವರು ‘ಸೊಂಟ ಮುರಿದಿದೆ, ತೋಟದಾಚೆ ಬಿಟ್ಟು ಬಾ’ ಅಂತಿದಾರೆ. ಔಷಧಿ ಇದೆಯಾ? — ಓದುಗಿ, ರಿಪ್ಪನ್‌ಪೇಟೆ

ಉತ್ತರ: ಬಿಡಬೇಡಿ ತಾಯಿ. ಸೊಂಟ ಮುರಿದ ಮರಿ ಹಿಂಗಾಲು ಎಳೆದುಕೊಂಡು ಹೋಗುತ್ತದೆಯೇ ಹೊರತು ಎತ್ತೆತ್ತಿ ಹಾಕುವುದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಬೇಕಿದ್ದ ಮಾತು ಹಾಲಿನ ಬಟ್ಟಲಿನದು. ಇನ್ನೊಂದನ್ನೂ ಗಮನಿಸಿ: ಮರಿ ನಿದ್ದೆಯಲ್ಲಿದ್ದಾಗ ತಲೆ ಅಲ್ಲಾಡುತ್ತಾ? ಇಲ್ಲ, ಏನಾದರೂ ಮಾಡಹೊರಟಾಗ ಮಾತ್ರ ನಡುಕ ಬಂದು ಬಟ್ಟಲು ಹತ್ತಿರವಾದಷ್ಟೂ ಜೋರಾಗುತ್ತೆ ಅಂತಾದರೆ, ತೊಂದರೆ ಇರುವುದು ತಲೆಯ ಹಿಂಭಾಗದ ಕಿರುಮೆದುಳಿನಲ್ಲಿ. ಕುಡಿದವರ ಹಾಗೆ ಅಂತ ಬರೆದಿದ್ದೀರಲ್ಲ, ಹೆಂಡ ಕೆಡಿಸುವುದೂ ಇದೇ ಜಾಗವನ್ನು.

ಕಿರುಮೆದುಳೇ ಕಾಲನ್ನು ನಡೆಸುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಹೆಜ್ಜೆಯ ತಾಳ ಹುಟ್ಟುವುದು ಬೆನ್ನುಹುರಿಯಲ್ಲಿ. ‘ಹೊರಡು’ ಅನ್ನುವ ಅಪ್ಪಣೆ ಮೆದುಳಿನ ಕಾಂಡದಿಂದ ಬರುತ್ತದೆ. ಕಿರುಮೆದುಳಿನದು, ಅಡಿಕೆ ಲಾರಿ ಅಂಗಳಕ್ಕೆ ರಿವರ್ಸ್ ಬರುವಾಗ ಹಿಂದೆ ನಿಂತ ಕ್ಲೀನರ್‌ನ ಕೆಲಸ. ಓಡಿಸುವವನು ಡ್ರೈವರ್ರೇ. ಆದರೆ ‘ಬರ್ಲಿ, ಬರ್ಲಿ, ಸಾಕು’ ಅಂತ ಬಾಡಿ ಬಡಿಯುವವನು ಇಲ್ಲದಿದ್ದರೆ ಲಾರಿ ನಿಲ್ಲುವುದು ಪಾಗಾರಕ್ಕೆ ಗುದ್ದಿದ ಮೇಲೆ.

ಬೆಕ್ಕು ಹೆಜ್ಜೆ ಎತ್ತಿದ್ದೇ ತಡ, ಕಿರುಮೆದುಳಿಗೆ ಎರಡು ವರದಿ ಹೋಗುತ್ತವೆ. ಕಾಲು ಈಗ ಎಲ್ಲಿದೆ ಅಂತ ಸ್ನಾಯು, ಕೀಲುಗಳಿಂದ ಒಂದು. ಬೆನ್ನುಹುರಿ ಕಾಲಿಗೆ ಏನು ಹೇಳಿತ್ತು ಅನ್ನುವುದರ ನಕಲು ಇನ್ನೊಂದು. ಎರಡನ್ನೂ ತಾಳೆ ನೋಡಿ, ಹೊಂದದಿದ್ದಲ್ಲಿ ತಿದ್ದುತ್ತದೆ. ಎಡಗಡೆಯ ಕಾಲುಗಳಿಗೆ ಕಿರುಮೆದುಳಿನ ಎಡಭಾಗ, ಬಲಗಡೆಯವಕ್ಕೆ ಬಲಭಾಗ. ದೊಡ್ಡ ಮೆದುಳಿನ ಎಡಭಾಗ ಬಲಗಡೆಯ ಮೈಯನ್ನು ನೋಡಿಕೊಳ್ಳುತ್ತದಲ್ಲ, ಹಾಗೆ ಇಲ್ಲಿ ಅಡ್ಡ ದಾಟುವುದಿಲ್ಲ. ಇಲ್ಲಿ ಮುಖ್ಯವಾದವು ಪರ್ಕಿಂಜೆ ಕೋಶಗಳು, 1837ರಲ್ಲಿ ಯಾನ್ ಪರ್ಕಿಂಜೆ ಎಂಬ ವಿಜ್ಞಾನಿ ವಿವರಿಸಿದ್ದು. ಒಂದೊಂದು ಕೋಶಕ್ಕೂ ಲಕ್ಷಕ್ಕೂ ಮಿಕ್ಕ ಎಳೆಗಳು ಸುದ್ದಿ ತರುತ್ತವೆ, ಅದು ಕೊಡುವ ಉತ್ತರ ಮಾತ್ರ ಒಂದೇ ಬಗೆಯದು: ತಡೆಯುವುದು. ಈ ತಡೆ ಹೊತ್ತಿಗೆ ಸರಿಯಾಗಿ ಬೀಳದಿದ್ದರೆ ಎತ್ತಿದ ಪಾದ ಬೇಕಾದ್ದಕ್ಕಿಂತ ಮೇಲೆ ಹೋಗಿ ದಪ್ಪನೆ ಇಳಿಯುತ್ತದೆ. ನಿಮ್ಮ ಮರಿಯ ಕಾಲಲ್ಲಿ ಶಕ್ತಿ ಬೇಕಾದಷ್ಟಿದೆ, ಅಳತೆ ಸಿಗುತ್ತಿಲ್ಲ ಅಷ್ಟೆ.

ಕಾರಣ ಬಹುಮಟ್ಟಿಗೆ ಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯಾ ವೈರಸ್. ತಾಯಿಗೆ ಬಸಿರಲ್ಲಿ ತಗುಲಿರುತ್ತದೆ. ಆಗ ಅದು ಹುಷಾರಾಗೇ ಕಂಡಿರಬಹುದು. ಈ ವೈರಸ್‌ಗೆ ಬೇಕಾದದ್ದು ಭರದಿಂದ ಒಡೆದು ಹೆಚ್ಚುತ್ತಿರುವ ಜೀವಕೋಶ. ಮರಿ ಹುಟ್ಟುವ ಹೊತ್ತಿಗೂ ಕಿರುಮೆದುಳು ಬೆಳೆಯುತ್ತಲೇ ಇರುವುದರಿಂದ ಏಟು ಅಲ್ಲಿಗೇ ಬೀಳುತ್ತದೆ. ಒಂದೇ ಸೂಲಿನಲ್ಲಿ ಒಂದಕ್ಕೆ ತಾಗಿ ಉಳಿದವು ಪಾರಾಗುವುದುಂಟು. ದನಗಳಲ್ಲೂ ಬೇರೊಂದು ವೈರಸ್‌ನಿಂದ ಇಂಥದ್ದೇ ಆಗುತ್ತದೆ. ತೀರ್ಥಹಳ್ಳಿ ಕಡೆಯ ಕೊಟ್ಟಿಗೆಯೊಂದರಲ್ಲಿ ಮಲೆನಾಡು ಗಿಡ್ಡ ಕರುವೊಂದನ್ನು ನೋಡಿದ್ದೆ. ನಾಲ್ಕೂ ಕಾಲು ಅಗಲಿಸಿ ನಿಲ್ಲುತ್ತಿತ್ತು. ಮೊಲೆಗೆ ಬಾಯಿ ಹಾಕಹೋದಾಗಲೆಲ್ಲ ಮೂತಿ ಮೊಲೆ ದಾಟಿ ತಾಯಿಯ ತೊಡೆಗೆ ಬಡಿಯುತ್ತಿತ್ತು. ಮನೆಯವರು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದರು.

ಔಷಧಿ ಇಲ್ಲ. ಆದರೆ ಇದು ಹೆಚ್ಚುತ್ತಾ ಹೋಗುವ ಕಾಯಿಲೆಯಲ್ಲ, ನೋವೂ ಇಲ್ಲ. ಮರಿ ಕಣ್ಣಿನ ನೆರವಿನಿಂದ ಸಂಭಾಳಿಸಿಕೊಳ್ಳಲು ಕಲಿತು ಉಳಿದ ಬೆಕ್ಕುಗಳಷ್ಟೇ ಬಾಳಬಲ್ಲದು. ಮೊದಲು ಅಟ್ಟದಿಂದ ಕೆಳಗಿಳಿಸಿ. ನುಣುಪು ನೆಲದಲ್ಲಿ ಹಿಡಿತ ಸಿಗುವುದಿಲ್ಲ, ಗೋಣಿಚೀಲ ಹಾಸಿ. ಹಾಲನ್ನು ಅಗಲ ತಟ್ಟೆಗೆ ಹಾಕಿ, ಕೆಳಗೊಂದು ಮಣೆ ಕೊಡಿ. ಬಾವಿಕಟ್ಟೆ ಹತ್ತಿರ ಬಿಡಬೇಡಿ. ತಾಯಿ ಮತ್ತೆ ಬಸಿರಾಗುವ ಮುಂಚೆ ಲಸಿಕೆ ಹಾಕಿಸಿ, ಬಸಿರಾದ ಮೇಲಲ್ಲ. ಕೆಲವು ಲಸಿಕೆಗಳಲ್ಲಿರುವ ದುರ್ಬಲಗೊಳಿಸಿದ ಜೀವಂತ ವೈರಸ್ಸೇ ಹೊಟ್ಟೆಯಲ್ಲಿರುವ ಮರಿಗೆ ಇದೇ ಕೆಲಸ ಮಾಡಬಹುದು.

ಅತ್ತೆಯವರಿಗೊಂದು ಮಾತು. ಚೆನ್ನಾಗಿ ನಡೆದಾಡುತ್ತಿದ್ದ ಬೆಕ್ಕೋ ನಾಯಿಯೋ ದಿಢೀರನೆ ಓಲಾಡತೊಡಗಿದರೆ, ಜೊಲ್ಲು ಸುರಿಸಿದರೆ, ಕೂಗುವ ದನಿ ಬದಲಾದರೆ ಅದು ಬೇರೆ ಲೆಕ್ಕ. ಹುಚ್ಚುರೋಗ ಇರಬಹುದು. ಮುಟ್ಟದೆ ಪಶು ಆಸ್ಪತ್ರೆಗೆ ಹೇಳಿ. ಕಚ್ಚಿದ್ದರೆ, ಪರಚಿದ್ದರೆ ಸೋಪು ಹಾಕಿ ಚೆನ್ನಾಗಿ ತೊಳೆದು ಅವತ್ತೇ ಇಂಜೆಕ್ಷನ್‌ಗೆ ಹೋಗಿ.

ಪ್ರಶ್ನೆ: ಕತ್ತು ಕುಯ್ದ ಕೋಳಿ ಅಂಗಳ ತುಂಬಾ ಓಡುತ್ತಲ್ಲ ಸಾರ್, ತಲೆಯೇ ಇಲ್ಲದೆ ಹೇಗೆ? — ಹೈಸ್ಕೂಲ್ ವಿದ್ಯಾರ್ಥಿ, ಸೊರಬ

ಉತ್ತರ: ಮೇಲೆ ಹೇಳಿದೆನಲ್ಲ, ಬೆನ್ನುಹುರಿಯ ತಾಳ, ಅದೇ. 1911ರಲ್ಲಿ ಗ್ರಹಾಂ ಬ್ರೌನ್ ಎಂಬ ವಿಜ್ಞಾನಿ ಇದನ್ನು ಬೆಕ್ಕುಗಳಲ್ಲಿ ತೋರಿಸಿದ. ಮೆದುಳಿನ ಸಂಪರ್ಕ ತಪ್ಪಿಸಿ, ಕಾಲಿನಿಂದ ಬರುವ ಸುದ್ದಿಯನ್ನೂ ನಿಲ್ಲಿಸಿದರೂ ಸ್ನಾಯುಗಳು ಹೆಜ್ಜೆಯ ಲಯದಲ್ಲೇ ಬಿಗಿದು ಸಡಿಲುತ್ತಿದ್ದವು. (ಆಸಾಮಿ ಆಲ್ಪ್ಸ್ ಹತ್ತುವುದರಲ್ಲೂ ಹೆಸರುವಾಸಿ.) ಕೋಳಿ ಓಡುತ್ತದೆ ನಿಜ, ಎಲ್ಲಿಗೆ ಅಂತಿಲ್ಲ, ಮಗುಚಿ ಬಿದ್ದರೆ ಎದ್ದು ನಿಲ್ಲುವುದೂ ಇಲ್ಲ. ಕಿರುಮೆದುಳೊಂದೇ ಹೋದರೆ ಏನಾಗುತ್ತದೆ ಅಂತ 1824ರಷ್ಟು ಹಿಂದೆಯೇ ಫ್ರಾನ್ಸಿನ ಫ್ಲುರಾನ್ಸ್ ಎಂಬ ವಿಜ್ಞಾನಿ ಪಾರಿವಾಳಗಳಲ್ಲಿ ನೋಡಿ ಬರೆದ. ಹಕ್ಕಿಗೆ ಕಣ್ಣು ಕಾಣುತ್ತಿತ್ತು, ಕಿವಿ ಕೇಳುತ್ತಿತ್ತು, ನಡೆಯುವ ಮನಸ್ಸೂ ಇತ್ತು. ನಡಿಗೆ, ಹಾರಾಟ ಮಾತ್ರ ಅಡ್ಡಾದಿಡ್ಡಿ.

ಪ್ರಶ್ನೆ: ಸಕ್ರೆಬೈಲಿನಲ್ಲಿ ಆನೆ ಕೆಸರು ದಂಡೆ ಇಳಿದು ಸ್ನಾನಕ್ಕೆ ಹೋಗುವುದನ್ನು ನೋಡಿದೆ. ಅಷ್ಟು ದೊಡ್ಡ ಮೈ ಜಾರುವುದೇ ಇಲ್ಲ. ಅದರ ಕಿರುಮೆದುಳೂ ದೊಡ್ಡದಾ? — ಓದುಗ, ಭದ್ರಾವತಿ

ಉತ್ತರ: ಬಹಳ ದೊಡ್ಡದು. 2014ರಲ್ಲಿ ಪ್ರಕಟವಾದ ಎಣಿಕೆಯ ಪ್ರಕಾರ ಆಫ್ರಿಕಾದ ಆನೆಯ ಮೆದುಳಲ್ಲಿ ಸುಮಾರು 25,700 ಕೋಟಿ ನರಕೋಶಗಳು, ಅದರಲ್ಲಿ ಶೇ. 97.5 ಕಿರುಮೆದುಳಿನಲ್ಲೇ. ಮನುಷ್ಯನಿಗೆ ಒಟ್ಟು ಸುಮಾರು 8,600 ಕೋಟಿ, ಕಿರುಮೆದುಳಲ್ಲಿ 6,900 ಕೋಟಿ. ಆನೆಗೆ ಅಷ್ಟೊಂದು ಯಾಕೆ ಅಂದರೆ, ಸೊಂಡಿಲಿನ ನಾಜೂಕು ಕೆಲಸಕ್ಕಿರಬೇಕು ಅನ್ನುವುದು ವಿಜ್ಞಾನಿಗಳ ಊಹೆ. ಜಾರದಿರುವುದಕ್ಕೆ ನಡಿಗೆಯ ಕ್ರಮವೂ ಕಾರಣ: ಎಷ್ಟೇ ಜೋರಾಗಿ ಹೋದರೂ ಆನೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುವುದಿಲ್ಲ. ಇನ್ನೊಮ್ಮೆ ಹೋದಾಗ ಕೆಸರಿನಲ್ಲಿ ಗುರುತು ನೋಡಿ, ಹಿಂಗಾಲಿನ ಅಚ್ಚು ಮುಂಗಾಲಿನ ಅಚ್ಚಿನ ಮೇಲೋ ಪಕ್ಕದಲ್ಲೋ ಬಿದ್ದಿರುತ್ತದೆ. ಮಾವುತರನ್ನು ಕೇಳಿಕೊಂಡೇ ಹತ್ತಿರ ಹೋಗಿ.