ಹೊರಗೆ ಸಾದಾ ಇಟ್ಟಿಗೆ, ಒಳಗೆ ಗ್ರೀಕ್ ಕಂಬ!

ಪ್ರಶ್ನೆ: ನ್ಯೂಯಾರ್ಕಿಗೆ ಹೋದಾಗ ಮರ್ಚೆಂಟ್ಸ್ ಹೌಸ್ ಮ್ಯೂಸಿಯಂ ನೋಡಿದ್ವಿ ಸರ್. ಹೊರಗೆ ನೋಡಿದ್ರೆ ಸಾಧಾರಣ ಕೆಂಪು ಇಟ್ಟಿಗೆ ಮನೆ, ಒಳಗೆ ದೊಡ್ಡ ದೊಡ್ಡ ಕಂಬ. ಕಂಬ ಆಮೇಲೆ ಸೇರಿಸಿದ್ದಾ? ಮತ್ತೆ ಅಷ್ಟೂ ಹಳೇ ಸಾಮಾನು ಹೆಂಗೆ ಉಳೀತು?

ಉತ್ತರ: ಇಲ್ಲ, ಕಂಬಾನೂ ಅವಾಗಿಂದೇ. 1832ರಲ್ಲಿ ಜೋಸೆಫ್ ಬ್ರೂಸ್ಟರ್ ಅನ್ನೋ ಟೋಪಿ ವ್ಯಾಪಾರಿ ಇದನ್ನ ಕಟ್ಟಿಸಿದ್ದು, ಆ ಹೊತ್ತಿಗೆ ಫೆಡರಲ್ ಶೈಲಿ (ಅಮೆರಿಕ ಸ್ವತಂತ್ರ ಆದ್ಮೇಲೆ ಅಲ್ಲಿ ನಡೀತಿದ್ದ ಸರಳ ಕಟ್ಟಡ ಶೈಲಿ) ಹಳೇದಾಗ್ತಾ ಗ್ರೀಕ್ ರಿವೈವಲ್, ಅಂದ್ರೆ ಪ್ರಾಚೀನ ಗ್ರೀಕ್ ಕಟ್ಟಡಗಳನ್ನ ಅನುಕರಿಸೋ ಫ್ಯಾಷನ್ ಬರ್ತಾ ಇತ್ತು, ಹಂಗಾಗಿ ಇಟ್ಟಿಗೆ ಮುಖ, ಇಳಿಜಾರು ಸೂರು, ಅದರೊಳಗಿನ ಪುಟ್ಟ ಕಿಟಕಿಗಳು ಹಳೇ ಥರ, ಒಳಗಿನ ಅಲಂಕಾರ ಹೊಸಾ ಥರ. ಆ ಅಯಾನಿಕ್ (ತಲೆಯಲ್ಲಿ ಸುರುಳಿ ಇರೋ ಗ್ರೀಕ್ ಥರದ) ಕಂಬಗಳ ಮಧ್ಯ ಮಹಾಗನಿ ಬಾಗಿಲು ಗೋಡೆಯೊಳಗೇ ಸರಿದು ಹೋಗ್ತಾವೆ ನೋಡಿ, ಮುಚ್ಚಿದ್ರೆ ಎರಡು ರೂಮು, ತೆಗೆದ್ರೆ ಒಂದೇ ಹಾಲು. ಎತ್ತರದ ಮೆಟ್ಟಿಲು ಹತ್ತಿದ್ರೆ ಸಿಗೋದೇ ಈ ಹಾಲು, ಅಡುಗೆಮನೆ ಅದರ ಕೆಳಗೆ, ಕೆಲಸದವರು ಮಲಗ್ತಿದ್ದದ್ದು ತೀರಾ ಮೇಲೆ. ಅವರಿಗೆ ದಿನಕ್ಕೆ ಎಷ್ಟು ಮೆಟ್ಟಿಲೋ ಪಾಪ!

1835ರಲ್ಲಿ ಸೀಬರಿ ಟ್ರೆಡ್ವೆಲ್ ಅನ್ನೋ ಹಾರ್ಡ್‌ವೇರ್ ವ್ಯಾಪಾರಿ 18,000 ಡಾಲರ್‌ಗೆ ಕೊಂಡ್ರು. ಆಮೇಲೆ ದುಡ್ಡಿರೋ ಅಕ್ಕಪಕ್ಕದವರೆಲ್ಲ ಊರಿನ ಉತ್ತರಕ್ಕೆ ಹೋದ್ರು, ಇವರ ಮನೆಯವರು ಮಾತ್ರ ಅಲ್ಲೇ ಇದ್ರು, ಕೊನೇ ಮಗಳು ಗರ್ಟ್ರೂಡ್ ಅದೇ ಮನೇಲಿ 1840ರಲ್ಲಿ ಹುಟ್ಟಿ ಮದ್ವೆ ಆಗದೇ ಅಲ್ಲೇ 1933ರಲ್ಲಿ ತೀರ್ಕೊಂಡ್ರು. ಮನೆ ಕೈ ಬದಲಾಗಿದ್ರೆ ಹೊಸಬರು ಬಂದು ಮೊದಲು ಮಾಡೋ ಕೆಲಸ ಹಳೇದನ್ನ ಕಿತ್ತಾಕೋದು, ಇಲ್ಲಿ ಕೀಳೋರೇ ಬರ್ಲಿಲ್ಲ! ನನ್ ಪ್ರಕಾರ ಆ ಮನೇನ ಉಳಿಸಿದ್ದು ಇದೇ. ಗರ್ಟ್ರೂಡ್ ಹೋದ್ಮೇಲೆ ದೂರದ ಸಂಬಂಧಿ ಜಾರ್ಜ್ ಚಾಪ್‌ಮನ್ ಸಾಮಾನು ಸಮೇತ ಮನೆ ಉಳಿಸಿ 1936ರಲ್ಲಿ ಮ್ಯೂಸಿಯಂ ಮಾಡಿದ್ರು.

ಛಾವಣಿಯ ಗಾರೆ ಹೂವು ಗಮನಿಸಿದ್ರಾ? ಅದೇ ಅಲ್ಲಿನ ಆಸ್ತಿ, ಅದೇ ತಲೆನೋವೂ. ಆ ಕಾಲದ ಪ್ಲಾಸ್ಟರ್ ಮರದ ಪಟ್ಟಿಗಳ ಸಂದಿಯಲ್ಲಿ ತೂರಿ ಹಿಂದೆ ಕಚ್ಕೊಂಡು ನಿಲ್ಲೋದು, ಆ ಕಚ್ಚು ಅಲುಗಾಡಿ ಮುರಿದ್ರೆ ಕೆಳಗಿಂದ ಏನೂ ಕಾಣಲ್ಲ, ಒಂದಿನ ತುಂಡಾಗಿ ಬೀಳತ್ತೆ. ಅದಕ್ಕೇ ಪಕ್ಕದ ಜಾಗದಲ್ಲಿ ಬಿಲ್ಡಿಂಗ್ ಕಟ್ತೀವಿ ಅಂದಾಗ, ಆ ಕೆಲಸದ ಅದುರಾಟಕ್ಕೆ ಹೆದರಿ ಮ್ಯೂಸಿಯಂನವರು ಅಷ್ಟು ಜೋರಾಗಿ ವಿರೋಧಿಸಿದ್ದು.