ಹಳೇ ಕಾರು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಮ್ಮನೇಲಿ ಅಪ್ಪ ತಗೊಂಡ 2004ರ ಮಾರುತಿ 800 ಇದೆ. ಊರೊಳಗೆ ಏನೂ ತೊಂದ್ರೆ ಇಲ್ಲ, ಉಡುಪಿಗೆ ಹೋಗಿ ವಾಪಸ್ ಬರ್ತಾ ಆಗುಂಬೆ ಘಾಟಿ ಹತ್ತೋವಾಗ ಮಾತ್ರ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತೆ. ಆಗಾಗ ರೇಡಿಯೇಟರ್‌ಗೆ ನೀರು ಹಾಕ್ತಾನೇ ಇರ್ತೀವಿ, ಆದ್ರೆ ಕೆಳಗೆ ಎಲ್ಲೂ ಸೋರಲ್ಲ. ಥರ್ಮೋಸ್ಟಾಟ್ ಕಿತ್ತುಬಿಟ್ರೆ ಸರಿಹೋಗುತ್ತೆ ಅಂತಾರೆ ಮೆಕ್ಯಾನಿಕ್. ಕೀಳಿಸ್ಲಾ?
- ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಕೀಳಿಸ್ಬೇಡಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿ ಆದ್ಮೇಲೆ ಮಾತ್ರ ರೇಡಿಯೇಟರ್‌ಗೆ ನೀರು ಬಿಡೋ ವಾಲ್ವ್) ಮುಚ್ಕೊಂಡು ಅಂಟಿಕೊಂಡಿದ್ರೆ ಗಾಡಿ ಬಿಸಿ ಆಗೋದು ನಿಜ, ಆದ್ರೆ ಅದಕ್ಕೆ ಹೊಸದು ಹಾಕಿಸ್ಬೇಕು, ಅದೇನೂ ದುಬಾರಿ ಪಾರ್ಟ್ ಅಲ್ಲ. ಅದಿಲ್ದೆ ಓಡಿಸಿದ್ರೆ ಎಂಜಿನ್ ಬೇಕಾದಷ್ಟು ಬೇಗ ಬಿಸಿ ಆಗಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಎಂಜಿನ್ ಬೇಗ ಸವೆಯುತ್ತೆ. ಎಲ್ಲಕ್ಕಿಂತ ಮುಖ್ಯ, ನಿಮ್ಮ ನೀರು ಎಲ್ಲಿಗೆ ಹೋಗ್ತಿದೆ ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ಅದನ್ನೇ ಮೊದಲು ಹುಡುಕಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರೋವಾಗ ರೇಡಿಯೇಟರ್ ಕ್ಯಾಪ್ ತೆಗೆದು ನೋಡಿ (ಬಿಸಿ ಇದ್ದಾಗ ಮುಟ್ಟಲೇಬೇಡಿ, ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ). ಕ್ಯಾಪಿನ ರಬ್ಬರ್ ಬಿರುಕು ಬಿಟ್ಟಿದ್ರೆ ಪ್ರೆಶರ್ ನಿಲ್ಲಲ್ಲ, ನೀರು ಬೇಗ ಕುದಿಯುತ್ತೆ, ಬರೀ ಕ್ಯಾಪ್ ಬದಲಾಯಿಸಿ ಸರಿಹೋದ ಗಾಡಿಗಳು ಎಷ್ಟೋ ಇವೆ. ಆಮೇಲೆ ಹೋಸ್ ಪೈಪಿನ ತುದಿಗಳು, ವಾಟರ್ ಪಂಪಿನ ಕೆಳಗೆ ಒಣಗಿದ ಕಲೆ ಇದ್ಯಾ ನೋಡಿ, ಯಾಕಂದ್ರೆ ಬಿಸಿ ಎಂಜಿನ್ ಮೇಲೆ ಸೋರಿದ್ದು ಅಲ್ಲೇ ಆರಿ ಹೋಗುತ್ತೆ, ನೆಲಕ್ಕೆ ಬೀಳಲ್ಲ. ಹೀಟರ್ ಇದ್ರೆ ಅದರೊಳಗೂ ಇದೇ ನೀರು ಹರಿಯುತ್ತೆ, ಹಾಗಾಗಿ ಮುಂದಿನ ಸೀಟಿನ ಕಾಲ ಹತ್ರ ಕಾರ್ಪೆಟ್ ಒದ್ದೆ ಇದ್ಯಾ ಅಂತಾನೂ ಮುಟ್ಟಿ ನೋಡಿ.

ಇಷ್ಟರಲ್ಲೂ ಸಿಗ್ಲಿಲ್ಲ, ಎಂಜಿನ್ ಬಿಸಿ ಆದ್ಮೇಲೂ ಸೈಲೆನ್ಸರಲ್ಲಿ ಬಿಳಿ ಹೊಗೆ ನಿಲ್ತಿಲ್ಲ, ಆಯಿಲ್ ಕ್ಯಾಪ್ ಒಳಗೆ ಹಾಲು ಹಾಕಿದ ಕಾಫಿ ಥರ ಜಿಡ್ಡು ಕಟ್ಟಿದೆ ಅಂದ್ರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಭಾಗವಾದ ಹೆಡ್‌ಗೂ ಮಧ್ಯೆ ಇರೋ ಸೀಲ್) ಮೇಲೆ ಅನುಮಾನ ಪಡ್ಬೇಕು. ಆಗ ಗಾಡಿ ಓಡಿಸೋದು ನಿಲ್ಸಿ, ಹೆಡ್ ಬಾಗಿದ್ರೆ ಖರ್ಚು ಎಷ್ಟೋ ಪಟ್ಟು ಏರುತ್ತೆ. ಹೆಡ್ ಬಿಚ್ಚಿದ್ರೆ ಹಾಗೇ ಟೈಮಿಂಗ್ ಬೆಲ್ಟ್ (ಎಂಜಿನ್ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚೋ ಹಾಗೆ ಮಾಡೋ ಬೆಲ್ಟ್) ಕೂಡ ಹೊಸದು ಹಾಕಿಸ್ಬಿಡಿ, ಹೇಗಿದ್ರೂ ಅದನ್ನ ಬಿಚ್ಚಲೇಬೇಕು. ಎಲ್ಲಾ ಆದ್ಮೇಲೆ ನಲ್ಲಿ ನೀರು ತುಂಬಿಸ್ಬೇಡಿ, ಕೂಲಂಟೇ ಹಾಕ್ಸಿ, ಬರೀ ನೀರಿಂದ ಒಳಗೆ ತುಕ್ಕು ಹಿಡಿದು ರೇಡಿಯೇಟರ್ ಕಟ್ಕೊಳ್ಳುತ್ತೆ, ಘಾಟಿಯಲ್ಲಿ ಬಿಸಿ ಆಗೋಕೆ ಅದೂ ಒಂದು ಕಾರಣ.

ಪ್ರಶ್ನೆ: ಮಳೆಗಾಲದಲ್ಲಿ ಕಾರೊಳಗೆ ಮ್ಯಾಟ್ ಕೆಳಗೆ ನೀರು ನಿಲ್ಲುತ್ತೆ, ಫ್ಲೋರಲ್ಲಿ ತುಕ್ಕು ಶುರುವಾಗಿದೆ. ಕೆಳಗಡೆಯಿಂದ ಕೋಟಿಂಗ್ ಹೊಡೆಸಿದ್ರೆ ಸಾಕಾ?
- ಓದುಗರು, ಕುಂದಾಪುರ

ಉತ್ತರ: ಸಾಲದು. ತುಕ್ಕಿನ ಮೇಲೇ ಕೋಟಿಂಗ್ ಹೊಡೆದ್ರೆ ಒಳಗೆ ತೇವ ಸಿಕ್ಕಾಕೊಂಡು ತಗಡು ಇನ್ನೂ ಬೇಗ ತಿನ್ನುತ್ತೆ. ಮೊದಲು ನೀರು ಬರೋ ದಾರಿ ಮುಚ್ಚಿ. ವೈಪರ್ ಕೆಳಗಿನ ಸಂದಿಯಲ್ಲಿ ಎಲೆ ತುಂಬಿದ್ಯಾ, ಬಾಗಿಲಿನ ಅಡಿಯ ಸಣ್ಣ ತೂತುಗಳು ಮಣ್ಣಲ್ಲಿ ಕಟ್ಟಿವೆಯಾ, ಬಾಗಿಲು, ಗಾಜಿನ ಸುತ್ತಲಿನ ಬೀಡಿಂಗ್ ರಬ್ಬರ್ ಒಡೆದಿದ್ಯಾ, ಇಷ್ಟು ನೋಡಿ. ಆಮೇಲೆ ಕಾರ್ಪೆಟ್ ಪೂರ್ತಿ ತೆಗೆದು ಬಿಸಿಲಿಗೆ ಒಣಗಿಸಿ, ತುಕ್ಕು ಉಜ್ಜಿಸಿ ಪ್ರೈಮರ್ ಹಾಕ್ಸಿ, ಕೋಟಿಂಗ್ ಕೊನೆಗೆ. ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟಿದ್ರೆ ತಗಡು ಉದುರ್ತಿದೆ ಅಂದ್ರೆ ಟಿಂಕರಿಂಗ್ ಅಂಗಡಿಯಲ್ಲಿ ಅಷ್ಟು ಭಾಗ ಕತ್ತರಿಸಿ ಹೊಸ ಶೀಟ್ ವೆಲ್ಡ್ ಮಾಡಿಸಿ. ಕಡಲ ಗಾಳಿ ಬೇರೆ ನಿಮ್ಮೂರಲ್ಲಿ, ಈ ಕೆಲಸ ಮೇ ತಿಂಗಳೊಳಗೆ ಮುಗಿಸ್ಕೊಳ್ಳಿ.

ಪ್ರಶ್ನೆ: ಕಾರಿಗೆ 15 ವರ್ಷ ಆಗ್ತಾ ಬಂತು. ಆರ್‌ಸಿ ರಿನ್ಯೂವಲ್‌ಗೆ ಮುಂಚೆ ಏನು ರಿಪೇರಿ ಮಾಡಿಸ್ಬೇಕು?
- ಓದುಗರು, ತುಮಕೂರು

ಉತ್ತರ: ಬ್ರೇಕ್, ಲೈಟು, ಇಂಡಿಕೇಟರ್, ಟೈರು, ಹಾರ್ನು ಎಲ್ಲಾ ಸರಿ ಇರ್ಲಿ, ಎಮಿಷನ್ ಸರ್ಟಿಫಿಕೇಟ್, ಇನ್ಶೂರೆನ್ಸ್ ಚಾಲ್ತಿಯಲ್ಲಿರ್ಲಿ. ಇನ್ಸ್‌ಪೆಕ್ಷನ್‌ಗೆ ಗಾಡಿ ತಗೊಂಡು ಹೋಗ್ಲೇಬೇಕು, ಪಾಸಾದ್ರೆ 5 ವರ್ಷಕ್ಕೆ ಕೊಡ್ತಾರೆ. ಪೇಂಟಿಂಗ್‌ಗೆ ದುಡ್ಡು ಸುರೀಬೇಡಿ, ಆ ದುಡ್ಡಲ್ಲಿ ಬ್ರೇಕ್ ಹೋಸ್, ಬ್ರೇಕ್ ಆಯಿಲ್, ಲೋವರ್ ಆರ್ಮ್ ಬುಷ್ (ಮುಂದಿನ ಚಕ್ರವನ್ನ ಹಿಡಿದಿರೋ ತೋಳಿನ ರಬ್ಬರ್) ಬದಲಾಯಿಸಿ.