ಒಬ್ಬನೇ ಗೆಳೆಯನ ಜೊತೆ ಮಿನಿಯೇಚರ್ ವಾರ್‌ಗೇಮ್ ಆಡುತ್ತಾ ಹೋದರೆ ಬೇಜಾರಾಗುವುದಿಲ್ಲವೇ?

ಫ್ಯಾಂಟಸಿ ಮಿನಿಯೇಚರ್ ವಾರ್‌ಗೇಮ್, ಅಂದರೆ ಪುಟ್ಟ ಗೊಂಬೆಗಳ ಸೈನ್ಯ ಕಟ್ಟಿ ಟೇಬಲ್ ಮೇಲೆ ಆಡುವ ಯುದ್ಧದಾಟ, ಶುರು ಮಾಡುವ ಆಸೆ ಇದೆ, ಊರಲ್ಲಿ ಕ್ಲಬ್ ಇಲ್ಲ, ಅಂಗಡಿ ಇಲ್ಲ, ಜೊತೆಗೆ ಆಡಲು ಇರುವುದು ಒಬ್ಬನೇ ಗೆಳೆಯ, ಅವನೊಬ್ಬನ ಜೊತೆಯೇ ಆಡಿದರೆ ನಾಲ್ಕು ವಾರಕ್ಕೆ ಸಾಕಾಗಿ ಹೋಗಲ್ವಾ ಅಂತ ಕೇಳಿದ್ದೀರಿ.

ನಾನು ತುಮಕೂರಿನವನು. ಆರು ವರ್ಷದಿಂದ ಒಬ್ಬನೇ ಗೆಳೆಯನ ಜೊತೆ ಆಡುತ್ತಿದ್ದೇನೆ. ತಿಂಗಳಿಗೊಂದು ಭಾನುವಾರ ಅವನು ಗುಬ್ಬಿಯಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಾನೆ. ದಾರಿಯಲ್ಲಿ ಮಡಿಲ ಮೇಲೆ ಒಂದು ಬೂಟಿನ ಡಬ್ಬ, ಅದರೊಳಗೆ ಹತ್ತಿ ಸುತ್ತಿದ ಆರ್ಕ್ ಸೈನ್ಯ. ಆರ್ಕ್ ಅಂದರೆ ಫ್ಯಾಂಟಸಿ ಕತೆಗಳ ಒಂದು ಬಗೆಯ ರಾಕ್ಷಸ. ಆಟ ಮುಗಿದ ಮೇಲೆ 200 ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ಈವರೆಗೆ 71 ಆಟ. ಅವನು 38 ಗೆದ್ದಿದ್ದಾನೆ, ನಾನು 30, ಮೂರು ಸಮ. ನನಗೆ ಒಂದು ದಿನವೂ ಬೇಜಾರಾಗಿಲ್ಲ. ಒಬ್ಬನೇ ಎದುರಾಳಿ ಇರುವುದರಿಂದಲೇ ಈ ಆಟ ಇಷ್ಟು ಚೆನ್ನಾಗಿದೆ ಅಂತ ನನ್ನ ನಂಬಿಕೆ. ಯಾಕೆ ಅಂತ ಹೇಳುತ್ತೇನೆ.

ಈ ಆಟ ನೋಡದವರೂ ಇದನ್ನು ಓದಬಹುದು, ಅವರಿಗಾಗಿ ಎರಡು ಮಾತು. ಗೊಂಬೆಗಳು ಸುಮಾರು 28ರಿಂದ 32 ಮಿಲಿಮೀಟರ್ ಎತ್ತರ, ಅಂದರೆ ಹೆಬ್ಬೆರಳಿನ ಅರ್ಧ. ಪ್ಲಾಸ್ಟಿಕ್, ರೆಸಿನ್ ಅಥವಾ ಲೋಹ. ನಾವೇ ಅಂಟಿಸಿ ಬಣ್ಣ ಹಚ್ಚಬೇಕು. ಚದುರಂಗದ ಹಾಗೆ ಮನೆಗಳಿರುವುದಿಲ್ಲ. ಟೇಪಿನಲ್ಲಿ ಇಂಚು ಅಳೆದು ನಡೆಸಬೇಕು, ಏಟು ತಗುಲಿತಾ ಇಲ್ಲವಾ ಅಂತ ದಾಳ ಹೇಳುತ್ತದೆ. ಹೆಚ್ಚು ಜನಕ್ಕೆ ಗೊತ್ತಿರುವುದು ಇಂಗ್ಲೆಂಡಿನ ವಾರ್‌ಹ್ಯಾಮರ್. 1983ರಲ್ಲಿ ಬಂತು. 2015ರಲ್ಲಿ ಅದರ ಕತೆಯ ಹಳೆಯ ಲೋಕವನ್ನು ಮುಗಿಸಿ ಏಜ್ ಆಫ್ ಸಿಗ್ಮಾರ್ ಅನ್ನುವ ಹೊಸ ಆಟ ತಂದರು. 2024ರಲ್ಲಿ ಹಳೆಯ ಲೋಕವೇ ದಿ ಓಲ್ಡ್ ವರ್ಲ್ಡ್ ಅನ್ನುವ ಹೆಸರಲ್ಲಿ ಮತ್ತೆ ಬಂತು. ಆಟ ಚೆನ್ನಾಗಿದೆ, ಆದರೆ ಪುಸ್ತಕಕ್ಕೂ ಗೊಂಬೆಗೂ ದುಡ್ಡು ಜಾಸ್ತಿ.

ನಾವು ಆಡುವುದು ಒನ್‌ ಪೇಜ್ ರೂಲ್ಸ್ ಅನ್ನುವ ಕಂಪನಿಯವರ ಏಜ್ ಆಫ್ ಫ್ಯಾಂಟಸಿ. ಮೂಲ ನಿಯಮ ಪುಕ್ಕಟೆ ಸಿಗುತ್ತದೆ. ಯಾವ ಕಂಪನಿಯ ಗೊಂಬೆಯಾದರೂ ನಡೆಯುತ್ತದೆ. ನನಗೆ ಅದಕ್ಕಿಂತ ಹಿಡಿಸಿದ್ದು ಸರದಿಯ ಕ್ರಮ. ಹಳೆಯ ಕೆಲವು ಆಟಗಳಲ್ಲಿ ಒಬ್ಬ ತನ್ನ ಇಡೀ ಸೈನ್ಯ ನಡೆಸಿ ಮುಗಿಸುವವರೆಗೆ ಇನ್ನೊಬ್ಬ ಸುಮ್ನೆ ಕೂತಿರಬೇಕು. ಇದರಲ್ಲಿ ನಾನು ಒಂದು ತುಕಡಿ ನಡೆಸಿದರೆ ಅವನು ಒಂದು ತುಕಡಿ ನಡೆಸುತ್ತಾನೆ. ಸಾಮಾನ್ಯ ನಡಿಗೆ 6 ಇಂಚು, ಮೇಲೆ ಬೀಳಲು ಓಡಿದರೆ 12 ಇಂಚು. ನಾಲ್ಕು ಸುತ್ತು ಆದ ಮೇಲೆ, ಟೇಬಲ್ ಮೇಲೆ ಇಟ್ಟ ಗುರುತುಗಳಲ್ಲಿ ಜಾಸ್ತಿ ಯಾರ ಸೈನ್ಯದ ಹಿಡಿತದಲ್ಲಿವೆಯೋ ಅವರು ಗೆದ್ದ ಹಾಗೆ. ನಮ್ಮ ಗುರುತುಗಳು ಕೆಂಪು ಬಳಿದ ಹುಣಸೆ ಬೀಜಗಳು.

ಒಬ್ಬನೇ ಗೆಳೆಯ ಸಾಕು ಅನ್ನುವುದು ನನಗೆ ಗಟ್ಟಿಯಾಗಿದ್ದು ಎರಡನೇ ವರ್ಷದ ಒಂದು ಆಟದಲ್ಲಿ.

ನನ್ನದು ಅಸ್ಥಿಪಂಜರಗಳ ಸೈನ್ಯ. ಅದರಲ್ಲಿ ಒಬ್ಬ ಮಾಂತ್ರಿಕ. ಅವನು ಸತ್ತರೆ ನನ್ನ ಅರ್ಧ ಬಲ ಹೋಯಿತು. ಅವತ್ತು ಎರಡನೇ ಸುತ್ತಿನಲ್ಲಿ ಅವನನ್ನು ಬಂಡೆಯ ಪಕ್ಕ ನಿಲ್ಲಿಸಿದೆ. ಗೆಳೆಯನ ಮೂರು ಟ್ರೋಲ್ ದೈತ್ಯರು ಆ ಕಡೆ ಇದ್ದರು. ಟೇಪು ಹಿಡಿದು ಅವನಿಗೆ ತೋರಿಸಿಯೇ ಹೇಳಿದೆ, "ನಿನ್ನ ಟ್ರೋಲ್‌ಗಳಿಂದ 12 ಇಂಚು ಆಚೆ ಇಡ್ತಾ ಇದೀನಿ." ಅವನೂ ನೋಡಿ ಹೂಂ ಅಂದ. ಆಮೇಲೆ ಬಿಲ್ಲುಗಾರರನ್ನು ಕಾಡಿನೊಳಗೆ ಸೇರಿಸುವಾಗ ಮರ ಎತ್ತಿಟ್ಟೆ. ನನ್ನ ಅಂಗಿಯ ತೋಳು ಮಾಂತ್ರಿಕನಿಗೆ ತಾಗಿದ್ದು ನನಗೆ ಗೊತ್ತೇ ಆಗಲಿಲ್ಲ.

ಅವನ ಸರದಿ ಬಂತು. ಟೇಪು ಎಳೆದ. ಹನ್ನೊಂದು ಮುಕ್ಕಾಲು ಇಂಚು. ಇಬ್ಬರೂ ಬಗ್ಗಿ ನೋಡಿದೆವು. ಮಾಂತ್ರಿಕನ ಬುಡದ ಸುತ್ತ ಟೇಬಲ್ ಮೇಲೆ ಹರಡಿದ್ದ ಪುಡಿಯಲ್ಲಿ ಸಣ್ಣದೊಂದು ಗೀರು ಕಾಣಿಸುತ್ತಿತ್ತು, ಅವನು ಜರುಗಿದ ಗುರುತು. ಟೇಪಿನ ಲೆಕ್ಕದಲ್ಲಿ ಟ್ರೋಲ್‌ಗಳು ಮೇಲೆ ಬೀಳಬಹುದಿತ್ತು. ಬಿದ್ದಿದ್ದರೆ ಮಾಂತ್ರಿಕ ಉಳಿಯುತ್ತಿರಲಿಲ್ಲ. ನನ್ನ ಬಾಯಿಂದ ಮಾತು ಬರಲಿಲ್ಲ. ಅವನು ಟೇಪು ಕೆಳಗಿಟ್ಟ. ತೋರುಬೆರಳ ಉಗುರಿನಲ್ಲಿ ಹಿಂದಿನ ರಾತ್ರಿಯ ಹಸಿರು ಬಣ್ಣ ಇನ್ನೂ ಇತ್ತು. ಅದೇ ಬೆರಳಲ್ಲಿ ಮಾಂತ್ರಿಕನನ್ನು ಕಾಲು ಇಂಚು ಹಿಂದಕ್ಕೆ ಸರಿಸಿದ. "ಆಚೆ ಇಡ್ತೀನಿ ಅಂದಿದ್ದೆ ಅಲ್ವಾ, ಆಚೆನೇ ಇದಾನೆ" ಅಂದು ಟ್ರೋಲ್‌ಗಳನ್ನು ಬೇರೆ ಕಡೆ ನಡೆಸಿದ.

ನಾಲ್ಕನೇ ಸುತ್ತಿನಲ್ಲಿ ಅದೇ ಮಾಂತ್ರಿಕನ ಮಂತ್ರದಿಂದ ನಾನು ಗೆದ್ದೆ. ಅವನು ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿನ ಕೆಳಗೆ ಗೀಟು ಹಾಕಿ ಊಟಕ್ಕೆ ಎದ್ದ. ಆ ಕಾಲು ಇಂಚಿನ ಮಾತು ಆಮೇಲೆ ಒಂದು ಸಲವೂ ಎತ್ತಿಲ್ಲ.

ಅವತ್ತಿನಿಂದ ನಮ್ಮದು ಒಂದೇ ನಿಯಮ. ಗೊಂಬೆ ಇಡುವಾಗ ಉದ್ದೇಶ ಬಾಯಿಬಿಟ್ಟು ಹೇಳಬೇಕು. "ಇವನು ಗೋಡೆಯ ಮರೆಯಲ್ಲಿದ್ದಾನೆ", "ಇವರು ನಿನ್ನ ಬಾಣದ ಅಳತೆಯ ಹೊರಗಿದ್ದಾರೆ". ಎದುರಾಳಿ ಒಪ್ಪಿದರೆ ಆಮೇಲೆ ಕೈ ತಾಗಲಿ, ಟೇಬಲ್ ಅಲುಗಲಿ, ಹೇಳಿದ್ದೇ ಸತ್ಯ. ಈ ಆಟದಲ್ಲಿ ಜಗಳ ಬರುವುದು ಬಹುತೇಕ ಇಂಥ ಕೂದಲೆಳೆಯ ಅಳತೆಗಳಿಂದ. ದಿನಕ್ಕೊಬ್ಬ ಹೊಸಬನ ಜೊತೆ ಆಡಿದರೆ ಪ್ರತಿ ಸಲ ಈ ನಂಬಿಕೆಯನ್ನು ಮೊದಲಿನಿಂದ ಕಟ್ಟಬೇಕು. ನಮಗೆ ಆ ಕೆಲಸ ಮುಗಿದಿದೆ. ಹಾಗಾಗಿ ತಲೆ ಪೂರ್ತಿ ಆಟದಲ್ಲೇ ಇರುತ್ತದೆ.

ಒಬ್ಬನೇ ಯಾವಾಗಲೂ ಗೆದ್ದರೆ ಏನು ಮಾಡುವುದು ಅನ್ನುವ ಭಯ ನಿಮಗೆ ಇರಬಹುದು. ನಮಗೂ ಆ ಕಾಲ ಬಂದಿತ್ತು. ಮೊದಲ ವರ್ಷ ಅವನು ಸತತವಾಗಿ ಎಂಟು ಆಟ ಗೆದ್ದ. ದಾರಿ ತೋರಿಸಿದ್ದು ನಮ್ಮ ಅಜ್ಜಿ. ಬಾಗಿಲ ಬಳಿ ಕೂತು ನೋಡುತ್ತಿದ್ದವರು, "ಇದು ನಮ್ಮ ಹುಲಿ-ಕುರಿ ಆಟದ ಹಾಗೇ ಇದೆಯಲ್ಲೋ, ಒಂದು ಸಲ ನೀನು ಹುಲಿ ಆಗು" ಅಂದರು. ಹುಲಿ-ಕುರಿ ಆಡಿದವರಿಗೆ ಗೊತ್ತು. ಒಂದು ಕಡೆ 3 ಹುಲಿ, ಇನ್ನೊಂದು ಕಡೆ 15 ಕುರಿ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗೆ ತಿನ್ನಲು ಬರುವುದಿಲ್ಲ, ಸುತ್ತುವರಿದು ಹುಲಿಯನ್ನು ಕಟ್ಟಿಹಾಕಬೇಕು. ಎರಡೂ ಕಡೆ ಸಮ ಅಲ್ಲವೇ ಅಲ್ಲ. ಅದಕ್ಕೇ ಒಂದು ಸಲ ಹುಲಿಯಾದವನು ಮುಂದಿನ ಸಲ ಕುರಿಯಾಗಿ ಆಡುತ್ತಾನೆ.

ಮುಂದಿನ ತಿಂಗಳು ಸೈನ್ಯ ಬದಲಾಯಿಸಿಕೊಂಡೆವು. ಅವನ ಟ್ರೋಲ್‌ಗಳನ್ನು ನಾನೇ ನಡೆಸಿದಾಗ ಗೊತ್ತಾಯಿತು, ಅವು ಹೊರಗಿನಿಂದ ಕಂಡಷ್ಟು ಗಟ್ಟಿಯಲ್ಲ. ಅರ್ಧ ಬಲ ಕಳೆದುಕೊಂಡ ತುಕಡಿ ಧೈರ್ಯದ ಪರೀಕ್ಷೆಯಲ್ಲಿ ಸೋತರೆ ಕಂಗಾಲಾಗುತ್ತದೆ. ಕೈಕೈ ಕಾಳಗದಲ್ಲಿ ಸೋತು ಹಾಗಾದರೆ ಓಡಿಯೇ ಹೋಗುತ್ತದೆ. ನಾನು ಅಲ್ಲಿಯವರೆಗೆ ಅವುಗಳನ್ನು ಕೊಲ್ಲಲು ನೋಡುತ್ತಿದ್ದೆ. ಓಡಿಸಿದರೆ ಸಾಕಿತ್ತು. ಅವನಿಗೂ ನನ್ನ ಈಟಿಗಾರರ ಕಷ್ಟ ಅರ್ಥವಾಯಿತು. 5 ಅಥವಾ 6 ಬಿದ್ದರೆ ಮಾತ್ರ ಏಟು ಅನ್ನುವ ಸೈನಿಕರಿಗೆ ಹತ್ತು ದಾಳ ಎಸೆದರೂ ಸರಾಸರಿ ಮೂರು ಚಿಲ್ಲರೆ ಏಟು. ಆ ಆಟ ಆಡಿದ ಮೇಲೆ ಇಬ್ಬರೂ ಕೂತು ಸೈನ್ಯದ ಪಟ್ಟಿ ಹೊಸದಾಗಿ ಬರೆದೆವು. ನೀವೂ ಮೂರು ಸತತ ಸೋಲು ಕಂಡರೆ ಮೊದಲು ಸೈನ್ಯ ಬದಲಾಯಿಸಿ ಆಡಿ ನೋಡಿ.

ಇನ್ನು ಯುದ್ಧಭೂಮಿ. ಇದರ ಬಗ್ಗೆ ನಾನು ಎಷ್ಟು ಬೇಕಾದರೂ ಬರೆಯಬಲ್ಲೆ. ನಾಲ್ಕು ಅಡಿಗೆ ಮೂರು ಅಡಿಯ ಎರಡು ಪ್ಲೈವುಡ್ ಹಲಗೆ ಜೋಡಿಸಿದರೆ ಆರು ಅಡಿಗೆ ನಾಲ್ಕು ಅಡಿಯ ಟೇಬಲ್ ಆಯಿತು. ತುಮಕೂರು ಕಲ್ಪತರು ನಾಡು, ನಮಗೆ ತೆಂಗಿಗೇನು ಬರ. ತೆಂಗಿನ ನಾರನ್ನು ಬಿಡಿಸಿ ಹಸಿರು ಬಣ್ಣದ ನೀರಿನಲ್ಲಿ ಅದ್ದಿ ಒಣಗಿಸಿದರೆ ಪೊದೆ. ಚಿಪ್ಪು ಕವುಚಿ ಹಾಕಿ ಮಣ್ಣು ಬಣ್ಣ ಬಳಿದರೆ ಗುಡಿಸಲು. ಒಮ್ಮೆ ತರಿಸಿದ ಗೊಂಬೆಗಳಲ್ಲಿ ಹನ್ನೆರಡು ಈಟಿ ಮುರಿದು ಬಂದಿದ್ದವು. ಪೊರಕೆ ಕಡ್ಡಿಯನ್ನು ಬ್ಲೇಡಿನಲ್ಲಿ ಚೂಪು ಮಾಡಿ ಫೆವಿಕ್ವಿಕ್ ಹಾಕಿ ಅಂಟಿಸಿದೆ. ರೆಸಿನ್ ಈಟಿಗಿಂತ ಅವೇ ಗಟ್ಟಿ, ಬಗ್ಗುತ್ತವೆ, ಮುರಿಯುವುದಿಲ್ಲ. ಬುಡಕ್ಕೆ ಹಾಕುವ ಪುಡಿ ರಂಗೋಲಿ ಪುಡಿಯೇ. ಫೆವಿಕಾಲ್ ಬಳಿದು ಉದುರಿಸಿ, ಒಣಗಿದ ಮೇಲೆ ಕಂದು ಬಣ್ಣ ಕೊಡಿ.

ಬೆಟ್ಟಕ್ಕೆ ಥರ್ಮಾಕೋಲ್ ಸಾಕು. ಒಂದು ಎಚ್ಚರ ಮಾತ್ರ ಇರಲಿ. ಸ್ಪ್ರೇ ಬಣ್ಣದಲ್ಲಿರುವ ದ್ರಾವಕ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ನಮ್ಮ ಮೊದಲ ಬೆಟ್ಟ ಹಾಗೇ ಹೋಯಿತು. ಮೊದಲು ಹಳೆಯ ಪೇಪರ್ ಚೂರುಗಳನ್ನು ಫೆವಿಕಾಲ್ ನೀರಿನಲ್ಲಿ ಅದ್ದಿ ಎರಡು ಪದರ ಮುಚ್ಚಿ, ಒಣಗಿದ ಮೇಲೆ ಬಣ್ಣ ಕೊಡಿ. ಗೊಂಬೆಗೆ ಸ್ಪ್ರೇ ಮಾಡುವುದಿದ್ದರೆ ಮಳೆ ಹಿಡಿದ ದಿನ ಬೇಡ. ಗಾಳಿಯ ತೇವಕ್ಕೆ ಬಣ್ಣ ಬೆಳ್ಳಗೆ ಬೂದಿ ಹಿಡಿದ ಹಾಗೆ ಆಗುತ್ತದೆ. ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಬಣ್ಣ ಧಾರಾಳವಾಗಿ ಸಾಕು, ನೀರು ಬೆರೆಸಿ ತೆಳುವಾಗಿ ಎರಡು ಸಲ ಹಚ್ಚಿ. ದಪ್ಪಗೆ ಒಂದೇ ಸಲ ಹಚ್ಚಿದರೆ ಮುಖದ ಕಣ್ಣು ಮೂಗು ಎಲ್ಲ ಮುಚ್ಚಿಹೋಗುತ್ತದೆ.

ಬೇಜಾರಾಗದಿರಲು ನಾವು ಮಾಡಿದ ದೊಡ್ಡ ಕೆಲಸ ಅಂದರೆ ಆಟಗಳನ್ನು ಒಂದೇ ಕತೆಯಾಗಿ ಜೋಡಿಸಿದ್ದು. ತುಮಕೂರು ಜಿಲ್ಲೆಯ ಭೂಪಟವನ್ನು ಗೋಡೆಗೆ ಅಂಟಿಸಿದ್ದೇವೆ. ಮಧುಗಿರಿ, ಮಿಡಿಗೇಶಿ, ಪಾವಗಡ, ಶಿರಾ, ದೇವರಾಯನದುರ್ಗ, ಹುಲಿಯೂರುದುರ್ಗ ಎಲ್ಲಕ್ಕೂ ಒಂದೊಂದು ಪಿನ್ನು. ಕೋಟೆಗಳು ನಿಜದವು, ಅವುಗಳಿಗಾಗಿ ಹೊಡೆದಾಡುವವರು ಆರ್ಕ್‌ಗಳು ಮತ್ತು ಅಸ್ಥಿಪಂಜರಗಳು. ಗೆದ್ದವರ ಬಣ್ಣದ ಪಿನ್ನು ಅಲ್ಲಿ ನಿಲ್ಲುತ್ತದೆ. ಬದುಕಿ ಉಳಿದ ನಾಯಕನಿಗೆ ಹೆಸರು ಸಿಗುತ್ತದೆ, ಮುಂದಿನ ಆಟಕ್ಕೆ ಒಂದು ಹೊಸ ಗುಣ ಸಿಗುತ್ತದೆ.

ಮಧುಗಿರಿಯ ಆಟಕ್ಕೆ ಮುಂಚೆ ಇಬ್ಬರೂ ಹೋಗಿ ಆ ಬೆಟ್ಟ ಹತ್ತಿಬಂದೆವು. ಏಕಶಿಲೆಯ ಬೆಟ್ಟ ಅದು. ಮೇಲೆ ಹೋಗುತ್ತಾ ಬಂಡೆಯಲ್ಲೇ ಕೊರೆದ ಕಿರಿದಾದ ಮೆಟ್ಟಿಲು, ಕಾಲಿಗೆ ನುಣುಪು, ಕೈಗೆ ಕಂಬಿ. ಒಬ್ಬರ ಹಿಂದೆ ಒಬ್ಬರು ಹತ್ತಬೇಕು. ಅರ್ಧ ದಾರಿಯಲ್ಲಿ ಅವನು ನಿಂತು, "ಇಲ್ಲಿ ನೂರು ಜನ ಬಂದ್ರೂ ಹೊಡೆದಾಡೋದು ಮುಂದಿರೋ ಒಬ್ಬನೇ" ಅಂದ. ಮನೆಗೆ ಬಂದು ಅದನ್ನೇ ನಿಯಮ ಮಾಡಿದೆವು. ನಮ್ಮ ಮಧುಗಿರಿ ಟೇಬಲ್ಲಿನಲ್ಲಿ ಮೆಟ್ಟಿಲ ದಾರಿಯಲ್ಲಿ ಕಡೆಗೊಂದರಂತೆ ಎರಡೇ ಗೊಂಬೆ ಹೊಡೆದಾಡಬಹುದು, ತುಕಡಿ ಎಷ್ಟು ದೊಡ್ಡದಿದ್ದರೂ ಅಷ್ಟೇ. ನನ್ನ ಇಪ್ಪತ್ತು ಈಟಿಗಾರರು ಕೆಳಗೆ ಸಾಲಾಗಿ ಕಾಯುತ್ತಿದ್ದರು, ಮೇಲೆ ಅವನ ಒಬ್ಬ ಆರ್ಕ್ ನಾಯಕ ಎರಡು ಸುತ್ತು ದಾರಿ ತಡೆದು ನಿಂತ. 71 ಆಟಗಳಲ್ಲಿ ನಾನು ಸೋತ ಅತಿ ಚೆಂದದ ಆಟ ಅದು. ಆ ನಾಯಕನಿಗೆ ಈಗ ಹೆಸರಿದೆ, ಬಾಗಿಲಪ್ಪ. ಅವನು ಟೇಬಲ್ ಮೇಲೆ ಬಂದರೆ ನಮ್ಮ ಅಜ್ಜಿಯೂ ಎದ್ದು ಬಂದು ನೋಡುತ್ತಾರೆ.

ಇಷ್ಟು ದೊಡ್ಡದಾಗಿ ಶುರು ಮಾಡಬೇಕಿಲ್ಲ. ಇಬ್ಬರಿಗೂ ತಲಾ ಐದಾರು ಗೊಂಬೆ ಇದ್ದರೆ ಅದೇ ಆಟದ ಸ್ಕರ್ಮಿಶ್ ನಿಯಮದಲ್ಲಿ, ಅಂದರೆ ಸಣ್ಣ ಕಾಳಗದ ನಿಯಮದಲ್ಲಿ, ಆಡಬಹುದು. ಅಥವಾ ಫ್ರಾಸ್ಟ್‌ಗ್ರೇವ್ ಅನ್ನುವ ಆಟ ನೋಡಿ. ಅದರಲ್ಲಿ ಒಬ್ಬ ಮಾಂತ್ರಿಕ, ಒಬ್ಬ ಶಿಷ್ಯ, ಹೆಚ್ಚೆಂದರೆ ಎಂಟು ಸೈನಿಕರು. ಒಟ್ಟು ಹತ್ತು ಗೊಂಬೆಗೆ ಮುಗಿಯಿತು. 20 ಮುಖದ ದಾಳ ಬೇಕು, ಅದೊಂದನ್ನು ಆನ್‌ಲೈನಿನಲ್ಲಿ ತರಿಸಿ. ಮಾಂತ್ರಿಕ ಆಟದಿಂದ ಆಟಕ್ಕೆ ಬೆಳೆಯುತ್ತಾ ಹೋಗುತ್ತಾನೆ, ಹಾಗಾಗಿ ಇಬ್ಬರೇ ಆಡುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಗೊಂಬೆ ಇನ್ನೂ ಇಲ್ಲ ಅಂದರೆ ದಪ್ಪ ಕಾಗದದ ಮೇಲೆ ಚಿತ್ರ ಪ್ರಿಂಟ್ ಹಾಕಿಸಿ, ಕತ್ತರಿಸಿ, ರಟ್ಟಿನ ಬುಡಕ್ಕೆ ನಿಲ್ಲಿಸಿ ಆಡಿ. ನಾವು ಮೊದಲ ನಾಲ್ಕು ತಿಂಗಳು ಹಾಗೇ ಆಡಿದ್ದು. ಗಾಳಿ ಬರುತ್ತೆ ಅಂತ ಫ್ಯಾನ್ ಆರಿಸಿ ಬೆವರುತ್ತಾ ಆಡಿದ ಆ ಆಟಗಳೂ ನೋಟ್‌ಬುಕ್ಕಿನಲ್ಲಿವೆ.

ಒಂದು ಕೆಲಸ ಮಾತ್ರ ತಪ್ಪದೆ ಮಾಡಿ. ಸೈನ್ಯ ಆರಿಸುವಾಗ ಇಬ್ಬರೂ ಒಟ್ಟಿಗೆ ಕೂತು ಆರಿಸಿ. ನಿಮ್ಮ ಗೆಳೆಯನಿಗೆ ಇಷ್ಟವಾದ ಗೊಂಬೆ ಯಾವುದು ಅಂತ ಅವನ ಬಾಯಿಂದಲೇ ಬರಲಿ. ಗೊಂಬೆ ಇಷ್ಟವಾದರೆ ಅವನು ರಾತ್ರಿ ಕೂತು ಬಣ್ಣ ಹಚ್ಚುತ್ತಾನೆ, ಬಣ್ಣ ಹಚ್ಚಿದವನು ಭಾನುವಾರ ಬಂದೇ ಬರುತ್ತಾನೆ.

ಈ ಭಾನುವಾರ ನಮ್ಮದು ಮಿಡಿಗೇಶಿ. ಕೋಟೆ ಅವನದು, ಮುತ್ತಿಗೆ ನನ್ನದು. ಏಣಿ ಮಾಡಲು ಪೊರಕೆಯಿಂದ ಕಡ್ಡಿ ಎಳೆದಿಟ್ಟಿದ್ದೇನೆ, ಇನ್ನೂ ಎರಡು ಏಣಿಗೆ ಮೆಟ್ಟಿಲು ಅಂಟಿಸುವುದು ಬಾಕಿ ಇದೆ.